ಬಿಸಿಲನ್ನು ಗಾಜಿನ ಹೊರಗೇ ತಡೆಯಿರಿ

ಹೌರಾ: ಪಶ್ಚಿಮ ಬಂಗಾಳದ ಸಚಿವಾಲಯ 2013ರ ಅಕ್ಟೋಬರ್‌ನಲ್ಲಿ ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್‌ನಿಂದ ಇಲ್ಲಿನ ನಬಾನ್ನಕ್ಕೆ ಬಂದಿತು. ಹೌರಾ ಬರೀ ರೈಲು ಹತ್ತಿಳಿಯುವ ಊರಲ್ಲ. ಇಲ್ಲಿ ಹೊಸ ಕಚೇರಿ ಕಟ್ಟುವವರು ರೈಟರ್ಸ್‌ನ ಹಸಿರು ಕಿಟಕಿಗಳನ್ನು ಒಮ್ಮೆ ನೋಡಿ ಬರಬೇಕು. ಬಂಗಾಳಿಗಳು ಖೊರ್‌ಖೊರಿ ಎನ್ನುವ ಆ ಅಡ್ಡಪಟ್ಟಿಯ ಬಾಗಿಲು ಬಿಸಿಲನ್ನು ಹೊರಗೇ ನಿಲ್ಲಿಸಿ ಗಾಳಿಯನ್ನು ಒಳಬಿಡುತ್ತದೆ.

ಈಗಿನವರು ಗಾಜು ಹಾಕಿ ಒಳಗೆ ಪರದೆ ಬಿಡುತ್ತಾರೆ. ಗಾಜು ದಾಟಿದ ಬಿಸಿಲಿಗೆ ಪರದೆಯೇ ಕಾದು, ಹೆಚ್ಚಿನ ಶಾಖ ಕೋಣೆಯಲ್ಲೇ ಉಳಿಯುತ್ತದೆ. ಮೇಲೆ ಏಸಿ, ಕತ್ತಲೆಂದು ಹಗಲಲ್ಲೇ ಟ್ಯೂಬ್‌ಲೈಟು. ಕರೆಂಟ್ ಬಿಲ್ಲು ಏರುತ್ತದೆ, ಕಿಟಕಿ ಪಕ್ಕದ ಗುಮಾಸ್ತರ ಬೆವರು ಮಾತ್ರ ಆರುವುದಿಲ್ಲ.

ಹೌರಾ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ಹತ್ತಿರವಿದೆ. ಜೂನ್‌ನ ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ದಕ್ಷಿಣದ ಕಿಟಕಿಗೆ ಒಂದು ಸಜ್ಜಾ ಸಾಕು. ಪೀಡೆಯೆಲ್ಲ ಪಶ್ಚಿಮದ್ದು. ಸಂಜೆಯ ಓರೆ ಬಿಸಿಲು ಸಜ್ಜಾದ ಕೆಳಗಿನಿಂದಲೇ ನುಗ್ಗುತ್ತದೆ. ಅಲ್ಲಿ ಹೊರಗಡೆಗೇ ಪಟ್ಟಿಯೋ ಜಾಲಿಯೋ ಬೇಕು, ಇಲ್ಲವೇ ಕಿಟಕಿ ಚಿಕ್ಕದಿರಬೇಕು.

ಗಾಜಿನಿಂದ ಬರುವ ಶಾಖಕ್ಕೆ ಕೇಂದ್ರದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2007ರಲ್ಲೇ ಮಿತಿ ಹಾಕಿತು. ಅದು ದೊಡ್ಡ ಕಟ್ಟಡಗಳ ಮಾತಾಯಿತು. ಚಿಕ್ಕ ಕಚೇರಿಯನ್ನು ಬಾಡಿಗೆಗೆ ಹಿಡಿಯುವ ನಮ್ಮವರು ಮುಂಗಡ ಕೊಡುವ ಮೊದಲು ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಪಶ್ಚಿಮದ ಕಿಟಕಿ ಬಳಿ ಸ್ವಲ್ಪ ಹೊತ್ತು ಕುಳಿತು ನೋಡಲಿ.