ಪ್ಯಾಕೆಟ್ ಮೇಲೆ ಮಲೆನಾಡು, ಒಳಗೆ ಯಾವೂರು?

ಶೃಂಗೇರಿ, ಹೊರನಾಡು ಕಡೆ ಹೋಗುವ ರಸ್ತೆಯ ಅಂಗಡಿಗಳಲ್ಲಿ ಮಲೆನಾಡ ಕಾಳುಮೆಣಸು, ಮಲೆನಾಡ ಜೇನು, ಮಲೆನಾಡ ಏಲಕ್ಕಿ ಅಂತ ಸಾಲಾಗಿ ಇಟ್ಟಿರ್ತಾರೆ. ಪ್ಯಾಕೆಟ್ ತಿರುಗಿಸಿ ಓದಿ. ತೂಕ ಇದೆ, ಬೆಲೆ ಇದೆ, ಪ್ಯಾಕ್ ಮಾಡಿದವರ ವಿಳಾಸ ಇದೆ. ಬೆಳೆದವರ ಹೆಸರು ಹುಡುಕಿ, ಸಿಕ್ಕಿದ್ರೆ ನನಗೊಂದು ಫೋಟೋ ಕಳಿಸಿ. ಊರಿನ ಹೆಸರಲ್ಲಿ ಮಾರುವವರು ಆ ಊರಲ್ಲಿ ಯಾರ ತೋಟದ್ದು ಅಂತಲೂ ಬರೀಬೇಕು. ಬರೆಯೋಕಾಗಲ್ಲ ಅಂದ್ರೆ ಮಲೆನಾಡು ಅನ್ನೋ ಪದ ತೆಗೀಬೇಕು. ನನ್ನ ಜಗಳ ಇಷ್ಟೇ.

"ಅದೆಲ್ಲ ಆಗೋ ಮಾತಲ್ಲ ಮಾರಾಯ್ರೆ" ಅನ್ನುವವರಿಗೆ ಜಪಾನಿನ ಅಂಗಡಿ ಹೇಳ್ತೀನಿ. ಮಗಳ ಮನೆಗೆ ಹೋಗಿದ್ದಾಗ ಅಳಿಯ ರಸ್ತೆ ಪಕ್ಕ ಒಂದು ಕಡೆ ಕಾರು ನಿಲ್ಲಿಸಿದ್ರು. ಮಿಚಿ ನೊ ಎಕಿ ಅಂತಾರೆ, ರಸ್ತೆ ನಿಲ್ದಾಣ ಅಂತ ಅರ್ಥ. 1993ರಲ್ಲಿ 103 ಕಡೆ ಶುರುವಾದದ್ದು ಈಗ 1,200 ದಾಟಿದೆ. ಕಾರು ನಿಲ್ಲಿಸೋಕೆ ದುಡ್ಡಿಲ್ಲ, ಶೌಚಾಲಯ 24 ಗಂಟೆಯೂ ತೆರೆದಿರಬೇಕು. (ನಮ್ಮ ಯಾತ್ರಿಕರು, ಅದರಲ್ಲೂ ಹೆಂಗಸರು, ಈ ಒಂದು ವಿಷಯಕ್ಕೇ ಕೈ ಮುಗಿದಾರು.) ಒಳಗೆ ತರಕಾರಿ ಮೂಲೆ. ಒಂದು ಕಟ್ಟು ಮೂಲಂಗಿ ಎತ್ತಿದ್ರೆ ಚೀಟಿಯಲ್ಲಿ ಬೆಲೆ, ಬಾರ್‌ಕೋಡ್, ಬೆಳೆದವರ ಹೆಸರು. ಗೋಡೆ ಮೇಲೆ ಕೆಲವರ ಫೋಟೋ ಕೂಡ, ತಲೆಗೆ ಬಟ್ಟೆ ಕಟ್ಟಿಕೊಂಡ ನನ್ನ ವಯಸ್ಸಿನವರೇ. ಬೆಳಿಗ್ಗೆ ರೈತರೇ ತಂದು, ಬೆಲೆ ತಾವೇ ಹಾಕಿ, ಚೀಟಿ ಅಂಟಿಸಿ, ಜೋಡಿಸಿ ಹೋಗ್ತಾರೆ. ಮಾರಾಟವಾದದ್ದರಲ್ಲಿ ಅಂಗಡಿ ನೂರಕ್ಕೆ 15ರ ಆಚೀಚೆ ಇಟ್ಟುಕೊಳ್ತದೆ. ಉಳಿದದ್ದನ್ನು ರೈತರೇ ವಾಪಸ್ ಒಯ್ಯಬೇಕು. ಎಷ್ಟು ಹೋಯ್ತು ಅಂತ ಮೊಬೈಲಿಗೆ ಲೆಕ್ಕ ಬರೋ ಕಡೆಗಳೂ ಇವೆ, ಖಾಲಿಯಾದ್ರೆ ಮಧ್ಯಾಹ್ನ ಇನ್ನೊಂದು ಬುಟ್ಟಿ ತರ್ತಾರೆ. ಸೊಪ್ಪು ಕೆಟ್ಟಿದ್ರೆ ಗಿರಾಕಿಗೆ ಬೈಯೋಕೆ ಒಂದು ಹೆಸರಿದೆ, ಚೆನ್ನಾಗಿದ್ರೆ ಮುಂದಿನ ವಾರ ಹುಡುಕೋಕೂ ಅದೇ ಹೆಸರು. ಊರಿಗೆ ಒಯ್ಯೋ ಉಡುಗೊರೆ ಡಬ್ಬಿಗಳೂ ಇದ್ವು. ಅವು ಫ್ಯಾಕ್ಟರಿ ಸಿಹಿಗಳೇ, ಜಪಾನಿನವರೇನು ದೇವರಲ್ಲ. ಆದ್ರೆ ಆ ಸಾಲು ಬೇರೆ, ರೈತರ ಸಾಲು ಬೇರೆ.

ನಮ್ಮ ಮೆಣಸಿನ ಕಥೆ ನೋಡಿ. ಏಣಿ ಹತ್ತಿ ಮೂರು ಕೆಜಿ ಹಸಿ ಮೆಣಸು ಕೊಯ್ದು, ಬಿಡಿಸಿ, ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ, ನಾಲ್ಕೈದು ಬಿಸಿಲು ಕೊಟ್ಟರೆ ಒಂದು ಕೆಜಿ ಕಾಳು. ಅದು ವ್ಯಾಪಾರಿಯ ಗೋದಾಮಿಗೆ ಹೋದ ಗಳಿಗೆಯಿಂದ ಅದಕ್ಕೆ ಊರಿಲ್ಲ. ಎಲ್ಲರದ್ದೂ ಒಂದೇ ರಾಶಿ. ಆ ರಾಶಿಗೆ ವಿಯೆಟ್ನಾಂ ಕಾಳು ಬಿದ್ದರೆ ಯಾರಿಗೆ ಗೊತ್ತಾಗ್ಬೇಕು? ಶ್ರೀಲಂಕಾ ದಾರಿಯಲ್ಲಿ ಕಡಿಮೆ ಸುಂಕಕ್ಕೆ ಹೊರಗಿನ ಮೆಣಸು ನುಗ್ಗಿದಾಗ ಬೆಳೆಗಾರರು ಕೂಗೆಬ್ಬಿಸಿದ್ರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು. ಬಂದರಿನಲ್ಲಿ ತಡೀಬೇಕು ಅಂತ ದೆಹಲಿವರೆಗೆ ಕೇಳಿಸುವ ಹಾಗೆ ಕೂಗಿದ ನಾವು, ನಮ್ಮದೇ ರಸ್ತೆಯ ಕಪಾಟಿನಲ್ಲಿ ಯಾವ ಕಾಳಿದೆ ಅಂತ ಒಂದು ದಿನ ಕೇಳಿಲ್ಲ. ತೋಟ ಚೇಣಿಗೆ ಕೊಟ್ಟು ಆರಾಮಾಗಿ ಕೂತವರು ಕೇಳೋದೂ ಇಲ್ಲ ಬಿಡಿ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ, "ಒಂದು ಜಿಲ್ಲೆ ಒಂದು ಉತ್ಪನ್ನ" ಅಂತ ಫಲಕ ಹಾಕಿದೆ. ಅದರ ಬೇರೂ ಜಪಾನಿನಲ್ಲೇ ಇದೆ. 1961ರಲ್ಲಿ ಓಯಿತಾ ಪ್ರಾಂತ್ಯದ ಓಯಾಮ ಅನ್ನೋ ಗುಡ್ಡದೂರು, ಭತ್ತ ನಂಬಿ ಕೂತ್ರೆ ಹೊಟ್ಟೆ ತುಂಬಲ್ಲ ಅಂತ ಪ್ಲಮ್, ಚೆಸ್ಟ್‌ನಟ್ ಗಿಡ ನೆಟ್ಟಿತು. ಇಂಥದ್ದನ್ನು ನೋಡಿಯೇ 1979ರಲ್ಲಿ ಅಲ್ಲಿನ ಗವರ್ನರ್ ಹಿರಮತ್ಸು "ಒಂದು ಹಳ್ಳಿ ಒಂದು ಉತ್ಪನ್ನ" ಅಂದ್ರು. ಹಳ್ಳಿ ಅಂದದ್ದು! ಇಲ್ಲಿಗೆ ಬರುವಷ್ಟರಲ್ಲಿ ಹಳ್ಳಿ ಹೋಗಿ ಜಿಲ್ಲೆ ಆಯ್ತು. ಕಡೂರಿನ ಬಯಲಿನ ತೆಂಗಿಗೂ ಶೃಂಗೇರಿ ಮಳೆಯ ಅಡಿಕೆಗೂ ಜಿಲ್ಲಾಧಿಕಾರಿ ಕಚೇರಿ ಒಂದೇ ಅನ್ನೋದು ಬಿಟ್ಟರೆ ಏನು ಸಂಬಂಧ?

"ಅಲ್ಲಿಯ ಜನ ಪ್ರಾಮಾಣಿಕರು, ನಮ್ಮವರಿಂದಾಗಲ್ಲ" ಅನ್ನೋದು ಸೋಮಾರಿಗಳ ಮಾತು. ಹಾಪ್‌ಕಾಮ್ಸ್ ಬೇರು 1959ರಷ್ಟು ಹಳೇದು. ಶಿರಸಿಯ ಕದಂಬ ಸೌಹಾರ್ದದವರು ಅಪ್ಪೆಮಿಡಿ, ಹಲಸು, ಮುರುಗಲಿನಂಥ ಸಣ್ಣಪುಟ್ಟದಕ್ಕೂ ಮಾರುಕಟ್ಟೆ ಹುಡುಕಿದ್ದಾರೆ. ಉತ್ತರ ಕನ್ನಡದವರಿಗೆ ಆಗಿದ್ದು ಕೊಪ್ಪ, ಎನ್.ಆರ್.ಪುರದವರಿಗೆ ಆಗಲ್ವಾ?

ಜಾಗ ಎಲ್ಲಿ ಅಂತೀರಾ? ರಸ್ತೆ ಪಕ್ಕದ ಪಂಚಾಯ್ತಿ ಮಳಿಗೆಗಳು ಹರಾಜಿಗೆ ಹೋಗ್ತವೆ. ಹೆಚ್ಚು ಬಾಡಿಗೆ ಕೂಗಿದವರಿಗೆ ಸಿಗ್ತದೆ, ಮೊಬೈಲ್ ಅಂಗಡಿ ಬರ್ತದೆ. ಮೇ ತಿಂಗಳಲ್ಲಿ ಹಲಸಿನಕಾಯಿ ಹಪ್ಪಳ ಮಾಡುವ ಹೆಂಗಸರು ಹರಾಜಿನಲ್ಲಿ ಕೂಗೋಕಾಗ್ತದಾ? ಆಹಾರ ಇಲಾಖೆ ನೋಂದಣಿಗೆ ವರ್ಷಕ್ಕೆ 100 ರೂಪಾಯಿ, ಅದನ್ನು ಕಟ್ಟಬಲ್ಲರು. ಮಳಿಗೆಯ ಡಿಪಾಸಿಟ್ ಕಟ್ಟಲಾರರು. ಹಾಗಾಗಿ ಅವರ ಹಪ್ಪಳ ನೆಂಟರಿಗೆ, ಮೇಳದ ದಿನ ಹಾಕೋ ಶಾಮಿಯಾನಕ್ಕೆ. ಶಿವಮೊಗ್ಗದಿಂದ ಎನ್.ಆರ್.ಪುರದ ಮೇಲೆ ಶೃಂಗೇರಿಗೆ ಹೋಗುವ ಕಾರುಗಳು ಶೆಟ್ಟಿಕೊಪ್ಪ ದಾಟಿಯೇ ಹೋಗ್ತವೆ. ಅವರು ನಿಲ್ಲಿಸೋಕೆ ಇಲ್ಲೇನಿದೆ?

ನಾನು ಕೇಳೋದು ಒಂದು ಮಳಿಗೆ, ಹರಾಜಿಲ್ಲದೆ. ಬೆಲೆ ಬೆಳೆದವರದ್ದು, ಚೀಟಿ ಮೇಲೆ ಹೆಸರು ಮತ್ತು ಊರು, ನೂರಕ್ಕೆ 15 ಅಂಗಡಿಗೆ, ಉಳಿದ ಮಾಲು ಮನೆಗೆ. ಬೇರೆಯವರ ಮಾಲು ತನ್ನದು ಅಂತ ತಂದವರಿಗೆ ಮತ್ತೆ ಜಾಗ ಇಲ್ಲ, ಅದು ನನ್ನ ಅಣ್ಣನಾದ್ರೂ ಸರಿ. ಅರ್ಜಿ ಬರೆದಿದ್ದೀನಿ, ಮುಂದಿನ ಗ್ರಾಮಸಭೆಯಲ್ಲಿ ಕೊಡ್ತೀನಿ. ಸಹಿ ಹಾಕುವವರು ಅದಕ್ಕೆ ಮುಂಚೆ ಮನೆ ಕಡೆ ಬನ್ನಿ. ಬರುವಾಗ ನಿಮ್ಮ ಮೆಣಸು ಒಂದು ಹಿಡಿ ತನ್ನಿ, ನೀರಿಗೆ ಹಾಕಿ ಯಾರದ್ದು ತೇಲ್ತದೆ ನೋಡೋಣ.