ಚಪ್ಪಲಿ ಬಿಟ್ಟ ಮೇಲೆ

ತಿಂಥಣಿ ಮೌನಪ್ಪನ ಗುಡಿಯಾಗಲಿ, ಗೋಗಿಯ ಚಂದಾ ಹುಸೇನಿ ದರ್ಗಾವಾಗಲಿ, ಚಪ್ಪಲಿ ಬಿಟ್ಟು ಒಳಗೆ ಬನ್ನಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಯಾದಗಿರಿ ಕಡೆಯ ಈ ಸಗರನಾಡಿನ ಮಗು ನಡೆಯಲು ಕಲಿಯುವಾಗಲೇ ಅದನ್ನೂ ಕಲಿತಿರುತ್ತದೆ. ಇಲ್ಲಿನ ಕ್ರೈಸ್ತರು ಬೆಳೆದದ್ದೂ ಇದೇ ನೆಲದಲ್ಲಿ. ಮೇಲಾಗಿ ಅವರ ಬೈಬಲ್ಲೇ ಇದಕ್ಕೆ ಸಾಕ್ಷಿ. ಮಾವನ ಕುರಿ ಕಾಯುತ್ತ ಹೋರೇಬ್ ಬೆಟ್ಟಕ್ಕೆ ಬಂದ ಮೋಶೆ, ಉರಿಯುತ್ತಿದ್ದರೂ ಸುಟ್ಟುಹೋಗದ ಪೊದೆಯ ಹತ್ತಿರ ಹೋದಾಗ ಅವನಿಗಾದ ಅಪ್ಪಣೆ ಕಾಲಿನ ಕೆರ ಕಳಚು ಎಂಬುದೇ.

ಆದರೂ ಕಥೋಲಿಕ ಸಭೆಯಲ್ಲಿ ಇದಕ್ಕೆ ರೋಮಿನ ಒಪ್ಪಿಗೆ ಬೇಕಾಯಿತು! 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ ಪೂಜೆಯೊಳಗೆ ಜನರ ಭಾಷೆಗೆ ಜಾಗ ಕೊಟ್ಟಿತು. ಅದೇ ಹಾದಿಯಲ್ಲಿ ಭಾರತದ ಬಿಷಪ್ಪರು ಕೇಳಿಕೊಂಡ ಹನ್ನೆರಡು ಬದಲಾವಣೆಗಳಿಗೆ 1969ರಲ್ಲಿ ಅನುಮತಿ ಸಿಕ್ಕಿತು. ಚಪ್ಪಲಿ ಕಳಚಿ ನೆಲದ ಮೇಲೆ ಕೂರಬಹುದು. ಮೊಣಕಾಲೂರುವ ಬದಲು ಕೈಮುಗಿದು ಬಾಗಬಹುದು. ಪಂಚಾಂಗ ಪ್ರಣಾಮ ಮಾಡಬಹುದು. ಮೇಣದ ಬತ್ತಿಯ ಬದಲು ಎಣ್ಣೆ ದೀಪ ಹಚ್ಚಬಹುದು, ಆರತಿ ಎತ್ತಬಹುದು. ಪವಿತ್ರ ವಸ್ತುವಿಗೆ ಮುತ್ತಿಡುವ ಬದಲು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬಹುದು. ಪಾಟಿ ಪುಸ್ತಕಕ್ಕೆ ಕಾಲು ತಗುಲಿದರೂ ಕಣ್ಣಿಗೊತ್ತಿಕೊಳ್ಳುವ ಜನಕ್ಕೆ ಇದರಲ್ಲಿ ಹೊಸದೇನಿತ್ತು? ಈ ಬದಲಾವಣೆಗಳ ಹಿಂದೆ ದುಡಿದವರು ಬೈಬಲ್, ಧರ್ಮಬೋಧನೆ, ಪೂಜಾವಿಧಿಗಳಿಗಾಗಿ ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೇಂದ್ರ ಎನ್‌ಬಿಸಿಎಲ್‌ಸಿ ಮತ್ತು ಅದನ್ನು ಕಟ್ಟಿದ ಪಾದ್ರಿ ಡಿ.ಎಸ್. ಅಮಲೋರ್ಪವದಾಸ್.

ವಿರೋಧ ಎರಡು ದಿಕ್ಕಿನಿಂದ ಬಂತು. ಪೂಜೆಯನ್ನು ಹಿಂದೂ ಮಾಡುತ್ತಿದ್ದಾರೆ ಎಂದು ಗೊಣಗಿದವರದು ಹಳೆಯ ರಾಗ, ಅದು ಇರಲಿ. ದಲಿತ ಕ್ರೈಸ್ತರ ಪ್ರಶ್ನೆಯನ್ನು ಮಾತ್ರ ಅಷ್ಟು ಸುಲಭವಾಗಿ ಸರಿಸುವಂತಿಲ್ಲ. ಭಾರತೀಯ ಭಕ್ತಿ ಎಂದರೆ ನಮ್ಮನ್ನು ಹೊರಗಿಟ್ಟ ಗುಡಿಗಳ ಭಕ್ತಿಯೇ ಏಕೆ ಆಗಬೇಕು ಎಂದು ಅವರು ಕೇಳಿದರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ಈ ಚಿಂತನೆಗೆ ಬಲ ಬಂತು.

ಯಾದಗಿರಿ ಕಡೆಯವರಿಗೆ ಈ ಪ್ರಶ್ನೆ ದೂರದ್ದಲ್ಲ. ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳು ಇಲ್ಲಿ ಹೋಲ್‌ಸ್ಟನ್ ಆಸ್ಪತ್ರೆ ಕಟ್ಟಿದರು, ಶಾಲೆ ತೆರೆದರು. ಆಗಿನ ಹೈದರಾಬಾದ್ ಕರ್ನಾಟಕದಲ್ಲಿ ಅವರ ಸಭೆಗಳಿಗೆ ಸೇರಿದವರಲ್ಲಿ ಬಹುಪಾಲು ಗುಡಿಯ ಹೊಸ್ತಿಲಾಚೆ ನಿಲ್ಲಬೇಕಿದ್ದ ಕೇರಿಗಳ ಜನ. ಮಡಿಯ ಹೆಸರಿನಲ್ಲಿ ತಲೆಮಾರುಗಟ್ಟಲೆ ದೂರವಿಟ್ಟವರಿಗೆ ದೇವರು ಪರಿಶುದ್ಧ, ಅಂಜಿ ನಿಲ್ಲಿರಿ ಎಂದು ಬೋಧಿಸುವುದು ಎಷ್ಟು ನಾಜೂಕಿನ ಕೆಲಸ! ಒಂದು ಮಾತು ತಪ್ಪಿದರೆ ಹಳೆಯ ಗಾಯಕ್ಕೇ ಬಡಿಯುತ್ತದೆ.

ಇಲ್ಲಿ ಪ್ರವಾದಿ ಯೆಶಾಯನನ್ನು ನೆನೆಯಬೇಕು. ಉಜ್ಜೀಯ ಅರಸ ಸತ್ತ ವರ್ಷ ದೇವಾಲಯದಲ್ಲಿ ಅವನಿಗೆ ದೇವದರ್ಶನವಾಗುತ್ತದೆ. ದೇವದೂತರಾದ ಸೆರಾಫಿಯರೇ ರೆಕ್ಕೆಯಿಂದ ಮುಖ ಮುಚ್ಚಿಕೊಂಡಿದ್ದಾರೆ, ಇಡೀ ಆಲಯ ಹೊಗೆ ತುಂಬಿದೆ. ನನ್ನ ತುಟಿ ಮೈಲಿಗೆಯಾಗಿದೆ, ನಾನು ಕೆಟ್ಟೆ ಎಂದು ಅವನು ಕೂಗುತ್ತಾನೆ. ಯಾರೂ ಅವನನ್ನು ಹೊರಗೆ ಕಳಿಸುವುದಿಲ್ಲ. ಯಜ್ಞವೇದಿಯ ಕೆಂಡವೇ ಬಂದು ತುಟಿ ಮುಟ್ಟುತ್ತದೆ. ಅವನ ಅಂಜಿಕೆ ಸುಳ್ಳಲ್ಲ. ಆದರೆ ಮುಟ್ಟಲು ಮುಂದಾದದ್ದು ಪರಿಶುದ್ಧತೆಯೇ. ಮೆಥೊಡಿಸ್ಟ್ ಸಭೆಗಳಲ್ಲಿ ವೇದಿಕೆಯೆದುರು ಸಾಲಾಗಿ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ಪಡೆಯುವ ಕ್ರಮದಲ್ಲಿ ಈ ಅಂಜಿಕೆ, ಈ ಸ್ಪರ್ಶ ಎರಡೂ ಒಟ್ಟಿಗಿವೆ. ಪಕ್ಕದಲ್ಲಿ ಮೊಣಕಾಲೂರಿದವನು ಯಾವ ಕೇರಿಯವನು ಎಂಬ ಲೆಕ್ಕ ಆ ಸಾಲಿಗೆ ಬೇಡ.

ಈ ಪ್ರಭುಭೋಜನದ ವಿಷಯದಲ್ಲೇ ಪೌಲ ಕೊರಿಂಥದವರಿಗೆ ಕಟುವಾಗಿ ಬರೆದ. ಅಯೋಗ್ಯವಾಗಿ ಉಣ್ಣುವವರು ಅಪರಾಧಿಗಳು ಎಂಬ ಅವನ ಎಚ್ಚರಿಕೆಯನ್ನು ಮೌನ, ಉಡುಪು, ತಲೆಯ ಮೇಲಿನ ಸೆರಗಿಗೆ ಮಾತ್ರ ಕಟ್ಟಿಹಾಕುವುದುಂಟು. ಅವನು ಹೆಸರಿಸಿದ ತಪ್ಪು ಬೇರೆಯೇ: ಉಳ್ಳವರು ಮೊದಲೇ ಉಂಡು ಅಮಲೇರುವವರೆಗೆ ಕುಡಿಯುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಅದಕ್ಕೆ ಅವನು ಸೂಚಿಸಿದ್ದು ಹೊಸ ಪೂಜಾವಿಧಿಯನ್ನಲ್ಲ. ಹಸಿವು ತಾಳದವರು ಮನೆಯಲ್ಲೇ ಉಂಡು ಬರಲಿ, ಕೂಡಿದಾಗ ಉಳಿದವರಿಗಾಗಿ ಕಾಯಲಿ ಎಂದ.