ಲೆನ್ಸಿನ ಕುಲ ಕೇಳುವವರು

ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳಲ್ಲಿ ಚಿಗರಿಯನ್ನೂ ಚಳಿಗಾಲದ ವಲಸೆ ಹಕ್ಕಿಗಳನ್ನೂ ಕ್ಯಾಮೆರಾದಲ್ಲಿ ಹಿಡಿಯುವ ಹವ್ಯಾಸ ಬೆಳೆದಂತೆ ಅದರ ಬೆನ್ನಿಗೇ ಒಂದು ಉಪದೇಶವೂ ಬೆಳೆದು ನಿಂತಿದೆ. ದೂರದ ವಸ್ತುವನ್ನು ದೊಡ್ಡದಾಗಿ ತೋರಿಸುವ ಟೆಲಿಫೋಟೋ ಜೂಮ್ ಲೆನ್ಸನ್ನು ಕ್ಯಾಮೆರಾ ತಯಾರಿಸಿದ ಕಂಪನಿಯಿಂದಲೇ ಕೊಳ್ಳಬೇಕಂತೆ. ಸಿಗ್ಮಾ, ಟ್ಯಾಮ್ರಾನ್‌ಗಳಂಥ ಹೊರಗಿನವರ ಲೆನ್ಸು ಕೈಯಲ್ಲಿ ಹಣವಿಲ್ಲದವರ ಗತಿಯಂತೆ. ಹೀಗೆ ಹೇಳುವವರು ತಾವು ಗಾಜಿನ ಗುಣವನ್ನು ಕುರಿತು ಮಾತಾಡುತ್ತಿದ್ದೇವೆಂದೇ ನಂಬಿದ್ದಾರೆ. ಅವರು ಕೇಳುತ್ತಿರುವುದು ಲೆನ್ಸಿನ ಕುಲವನ್ನು.

ಇದಕ್ಕೆ ಪುರಾವೆಯಾಗಿ ಒಂದೇ ಒಂದು ಅಂಕಿ ಸಾಕು: 6.3. ಟ್ಯಾಮ್ರಾನ್ 2013ರ ಕೊನೆಯಲ್ಲಿ 150-600 ಮಿ.ಮೀ. ಜೂಮನ್ನು ಪ್ರಕಟಿಸಿ, ಅಲ್ಲಿಯವರೆಗೆ ಶ್ರೀಮಂತರ ಸೊತ್ತಾಗಿದ್ದ 600 ಮಿ.ಮೀ. ನಾಭಿದೂರವನ್ನು ಸಾಮಾನ್ಯ ಸಂಬಳದವರ ಅಳವಿಗೆ ತಂದಾಗ, ಮರುವರ್ಷ ಸಿಗ್ಮಾ ಅದೇ ಅಳತೆಯಲ್ಲಿ ಸ್ಪೋರ್ಟ್ಸ್ ಮತ್ತು ಕಂಟೆಂಪರರಿ ಎಂಬ ಎರಡು ಲೆನ್ಸುಗಳನ್ನು ಪ್ರಕಟಿಸಿದಾಗ, ಅವುಗಳ ಮೇಲೆ ಬಂದ ದೊಡ್ಡ ಆರೋಪವೆಂದರೆ ತುದಿಯಲ್ಲಿ ಅವು ಎಫ್/6.3 ಆಗಿವೆ ಎಂಬುದು. ಎಫ್-ಸಂಖ್ಯೆಯೆಂದರೆ ಲೆನ್ಸಿನ ನಾಭಿದೂರವನ್ನು ಬೆಳಕು ಒಳಬರುವ ದ್ವಾರದ ವ್ಯಾಸದಿಂದ ಭಾಗಿಸಿದಾಗ ಸಿಗುವ ಅಂಕಿ. ಅದು ಹೆಚ್ಚಿದಷ್ಟೂ ಒಳಬರುವ ಬೆಳಕು ಕಡಿಮೆ. ಕಂಪನಿ ಲೆನ್ಸುಗಳು ಎಫ್/5.6ಕ್ಕೆ ನಿಂತಿದ್ದವು, ಎರಡರ ಅಂತರ ಒಂದು ಸ್ಟಾಪಿನ ಮೂರನೆಯ ಒಂದು ಭಾಗ, ಅಂದರೆ ಬೆಳಕಿನಲ್ಲಿ ಸುಮಾರು ಐದನೆಯ ಒಂದು ಭಾಗದಷ್ಟು ಇಳಿಕೆ. ಅಷ್ಟಕ್ಕೇ ಅವು ಕತ್ತಲೆ ಲೆನ್ಸುಗಳಾದವು, ಮದುವೆಯ ಫೋಟೋಗೂ ಆಗದವೆನಿಸಿದವು.

ಆಮೇಲೆ ಆದದ್ದನ್ನು ಈ ಪಂಡಿತರು ನೆನಪಿಸಿಕೊಳ್ಳಲು ಇಷ್ಟಪಡುವುದಿಲ್ಲ. ಸೋನಿ 2019ರಲ್ಲಿ ತನ್ನದೇ ಹೆಸರಿನಲ್ಲಿ 200-600 ತಂದಿತು; ತುದಿಯಲ್ಲಿ ಅದು 6.3. ನಿಕಾನ್ 2023ರಲ್ಲಿ 180-600 ತಂದಿತು, ಅದೂ 6.3. ಕ್ಯಾನನ್ 2020ರಲ್ಲಿ ತನ್ನ ಕೆಂಪು ಪಟ್ಟಿಯ ದುಬಾರಿ 100-500 ಲೆನ್ಸನ್ನು 7.1ಕ್ಕೆ ಇಳಿಸಿ, 2023ರ 200-800ರಲ್ಲಿ ಎಫ್/9ಕ್ಕೇ ಹೋಗಿ ಮುಟ್ಟಿತು. ಎಫ್/9ರಲ್ಲಿ ಬರುವ ಬೆಳಕು 6.3ರಲ್ಲಿ ಬರುವುದರ ಅರ್ಧದಷ್ಟು. ಅಂದು ಐದನೆಯ ಒಂದು ಭಾಗ ಕಡಿಮೆಯಾದದ್ದಕ್ಕೆ ಮೂಗು ಮುರಿದವರು ಇಂದು ಅರ್ಧ ಕಡಿಮೆಯಾದದ್ದನ್ನು ತಂತ್ರಜ್ಞಾನದ ಮುನ್ನಡೆ ಎನ್ನುತ್ತಾರೆ. ಹೊಸ ಸೆನ್ಸರುಗಳು ಕಡಿಮೆ ಬೆಳಕಿನಲ್ಲೂ ಚೆನ್ನಾಗಿ ಕೆಲಸ ಮಾಡುತ್ತವೆಂದು ವಿವರಿಸುತ್ತಾರೆ. ಮಾಡುತ್ತವೆ, ನಿಜ. ಆ ಸೆನ್ಸರುಗಳು ಲೆನ್ಸಿನ ಮೇಲೆ ಬರೆದ ಹೆಸರನ್ನು ಓದಿಕೊಂಡು ಕೆಲಸ ಮಾಡುತ್ತವೆಯೇ ಎಂಬುದನ್ನು ಮಾತ್ರ ಯಾರೂ ವಿವರಿಸಿಲ್ಲ. ಕಲಘಟಗಿಯ ತೇಗದ ಕಾಡಿನ ಮುಂಜಾವಿನ ನೆರಳಿನಲ್ಲಿ 6.3ರ ಸಿಗ್ಮಾ ಕತ್ತಲೆಯಾಗಿ, 9ರ ಕ್ಯಾನನ್ ಬೆಳಕಾಗಿ ಕಾಣಬೇಕಾದರೆ ಕಣ್ಣಿಗಿಂತ ಭಕ್ತಿ ಹೆಚ್ಚು ಬೇಕು.

ಬಯಲಿಗೆ ಬಂದರೆ ಈ ಚರ್ಚೆ ಇನ್ನೂ ನಗೆಪಾಟಲಾಗುತ್ತದೆ. ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ಮರದ ಅಡ್ಡಿಯಿಲ್ಲದೆ ಹಬ್ಬಿದ ಕಪ್ಪುನೆಲ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹೊತ್ತು ಏರಿದಂತೆ ಬಿಸಿಲನ್ನು ಹೀರಿ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುವಾಗ ಅದರ ಪದರಗಳ ಸಾಂದ್ರತೆ ಕ್ಷಣಕ್ಷಣಕ್ಕೂ ಬದಲಾಗಿ, ಅವುಗಳ ಮೂಲಕ ಬರುವ ಬೆಳಕಿನ ಕಿರಣ ಅತ್ತಿತ್ತ ಬಾಗುತ್ತದೆ. ಬಿಸಿಲ್ಗುದುರೆಯೆಂದು ಎಲ್ಲರೂ ಬಲ್ಲ ಈ ನಡುಗುವ ಗಾಳಿಯನ್ನು ಇನ್ನೂರು ಮೀಟರು ದಾಟಿ ಬಂದ ಚಿಗರಿಯ ಚಿತ್ರದಲ್ಲಿ ಕೊಂಬಿನ ಸುರುಳಿ ನೀರಿನಲ್ಲಿ ಅದ್ದಿದಂತೆ ಕದಡಿ ಹೋಗಿರುತ್ತದೆ. ಎರಡು ಲಕ್ಷದ ಲೆನ್ಸಾದರೂ ಅಷ್ಟೇ, ಅದರ ಅರ್ಧ ಬೆಲೆಯದಾದರೂ ಅಷ್ಟೇ. ಇಷ್ಟಿದ್ದೂ ಚಿತ್ರದ ಮೂಲೆಯ ನಾಲ್ಕು ಪಿಕ್ಸೆಲುಗಳನ್ನು ಹಿಗ್ಗಿಸಿ ನೋಡಿ, ಒಂದು ಲೆನ್ಸು ಇನ್ನೊಂದಕ್ಕಿಂತ ಮೊನಚೆಂದು ತೀರ್ಪು ಕೊಡಲಾಗುತ್ತದೆ. ಮೂಲೆಯಲ್ಲಿರುವುದು ಕಡಲೆ ಹೊಲ. ಕಡಲೆ ಗಿಡದ ಎಲೆ ಎಷ್ಟು ಮೊನಚಾಗಿರಬೇಕು?

ಬಯಲಿನಲ್ಲಿ ಲೆಕ್ಕಕ್ಕೆ ಬರುವ ವ್ಯತ್ಯಾಸಗಳು ಬೇರೆ ಇವೆ, ಅವು ಹೆಸರಿನ ಗೆರೆಯನ್ನು ಮಾನ್ಯ ಮಾಡುವುದಿಲ್ಲ. ಸೋನಿಯ 200-600, ನಿಕಾನ್‌ನ 180-600 ಜೂಮ್ ಮಾಡಿದಾಗ ಉದ್ದವಾಗುವುದಿಲ್ಲ. ಸಿಗ್ಮಾ, ಟ್ಯಾಮ್ರಾನ್‌ಗಳ 150-600 ಕೊಳವೆ ಹೊರಚಾಚುತ್ತದೆ, ಎರೆಮಣ್ಣಿನ ಧೂಳಿನಲ್ಲಿ ಇದೊಂದು ತೊಂದರೆಯೇ. ಆದರೆ ನಿಕಾನ್‌ನ 2015ರ 200-500 ಕೂಡ ಹೊರಚಾಚುತ್ತದೆ, ಕ್ಯಾನನ್‌ನ 200-800 ಕೂಡ. ತೂಕ ನೋಡಿದರೆ ಸಿಗ್ಮಾ ಕಂಟೆಂಪರರಿ 1.93 ಕೆ.ಜಿ., ನಿಕಾನ್ 200-500 ಸುಮಾರು 2.3 ಕೆ.ಜಿ.; ಸಿಗ್ಮಾದ್ದೇ ಸ್ಪೋರ್ಟ್ಸ್ 2.86 ಕೆ.ಜಿ. ಕೊಳ್ಳುವವರು ಕೇಳಬೇಕಾದದ್ದು ಇಂಥವನ್ನು. ಇನ್ನು ರಿಪೇರಿಯ ವಾದ: ಕುಂದಗೋಳದಲ್ಲಿ ಯಾವ ಕಂಪನಿಯ ಸರ್ವಿಸ್ ಸೆಂಟರೂ ಇಲ್ಲ, ಕುಲೀನ ಲೆನ್ಸೂ ಕುಲಹೀನ ಲೆನ್ಸೂ ಒಂದೇ ಬಸ್ಸು ಹತ್ತಿ ಹೋಗಬೇಕು.

ಹೊರಗಿನ ಲೆನ್ಸು ಕೆಲವು ಕ್ಯಾಮೆರಾಗಳಲ್ಲಿ ಹಿಂದೆ ಬೀಳುವುದು ಸುಳ್ಳಲ್ಲ. ಅದನ್ನು ಹಿಂದೆ ಹಾಕಿದವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಜಾಣತನದಿಂದ ಬಿಡಲಾಗುತ್ತದೆ. ಸೋನಿಯ ವೇಗದ ಕ್ಯಾಮೆರಾಗಳಲ್ಲಿ ಹೊರಗಿನವರ ಲೆನ್ಸು ಹಾಕಿದರೆ ಸೆಕೆಂಡಿಗೆ 15 ಚಿತ್ರಗಳಿಗೆ ಮಿತಿ, ಸ್ವಂತ ಲೆನ್ಸಿಗೆ ಆ ಮಿತಿಯಿಲ್ಲ. ವಿಚಿತ್ರವೆಂದರೆ ಟ್ಯಾಮ್ರಾನ್ ಕಂಪನಿಯಲ್ಲಿ ಸೋನಿಯದೇ ದೊಡ್ಡ ಪಾಲಿದೆ. ಕೂಸಿನ ಕಾಲು ಕಟ್ಟಿ ಓಡಲು ಬಿಟ್ಟು, ಓಡಲು ಬರುವುದಿಲ್ಲವೆಂದು ಊರಿಗೆಲ್ಲ ಸಾರುವ ರೀತಿ ಇದು. ಕ್ಯಾನನ್ ಆರ್‌ಎಫ್ ಮೌಂಟನ್ನು, ಅಂದರೆ ಲೆನ್ಸು ಕ್ಯಾಮೆರಾಕ್ಕೆ ಕೂಡುವ ಹೊಸ ಬಾಯಿಯನ್ನು, 2018ರಲ್ಲಿ ತಂದು ಹೊರಗಿನವರ ಆಟೋಫೋಕಸ್ ಲೆನ್ಸುಗಳಿಗೆ ಅದನ್ನು ಮುಚ್ಚಿಟ್ಟಿತು. 2022ರಲ್ಲಿ ವಿಲ್‌ಟ್ರಾಕ್ಸ್ ಕಂಪನಿ ಅದಕ್ಕೆ ಮಾಡುತ್ತಿದ್ದ ಲೆನ್ಸುಗಳ ಮಾರಾಟವನ್ನು ನಿಲ್ಲಿಸಬೇಕಾಯಿತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗಳಿಗೆ ಬಾಗಿಲು ತೆರೆದಾಗಲೂ ಅದು ಚಿಕ್ಕ ಸೆನ್ಸರಿನ ಲೆನ್ಸುಗಳಿಗಷ್ಟೇ. ಹೀಗೆ ಬೀಗ ಹಾಕಿದವರೇ ಒಳಗೆ ಕುಳಿತು ಹೊರಗಿನವರಿಗೆ ಯೋಗ್ಯತೆಯಿಲ್ಲವೆಂದರೆ ಅದನ್ನು ದೃಗ್ವಿಜ್ಞಾನವೆಂದು ಒಪ್ಪಿಕೊಳ್ಳಬೇಕೆ?

ಈ ಮೊನಚಿನ ಉಪಾಸಕರಿಗೆ ಕಾಣದ ಇನ್ನೊಂದು ಸಂಗತಿಯಿದೆ. ಚಿಗರಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಅದು ಹಿಂಡಾಗಿ ಬಂದು ಮುಂಗಾರಿಯಲ್ಲಿ ಹೆಸರನ್ನೂ ಹಿಂಗಾರಿಯಲ್ಲಿ ಕಡಲೆಯನ್ನೂ ಮೇಯ್ದರೆ ರೈತ ಅದನ್ನು ಮುಟ್ಟುವಂತಿಲ್ಲ, ಪರಿಹಾರಕ್ಕೆ ಕಚೇರಿ ಅಲೆಯಬೇಕು. ಅವನ ಹೊಲದ ಬದುವಿನ ಮೇಲೆ ಜೀಪು ನಿಲ್ಲಿಸಿ, ಬೆಳೆ ತುಳಿದು, ಓಡುವ ಭಂಗಿ ಸಿಗಲೆಂದು ಹಿಂಡನ್ನು ಬೆದರಿಸಿ ತೆಗೆದ ಚಿತ್ರಕ್ಕೆ ಕೊಡುವ ಶೀರ್ಷಿಕೆಯಲ್ಲಿ ಲೆನ್ಸಿನ ಹೆಸರಿರುತ್ತದೆ, ಎಫ್-ಸಂಖ್ಯೆಯಿರುತ್ತದೆ, ಊರಿನ ಹೆಸರಿರುವುದಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವಿನ ಬಸ್ಸಿಗೆ ಚಿಗರಿಯ ಹೆಸರಿಟ್ಟು ಹೆಮ್ಮೆಪಡುವ ನಾಡು, ಚಿಗರಿ ಬದುಕುವ ಹುಲ್ಲುಬಯಲನ್ನು ಇಂದಿಗೂ ಪಾಳುಭೂಮಿಯ ಲೆಕ್ಕಕ್ಕೆ ಬರೆಯುತ್ತದೆ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥವರು ಕಪ್ಪು-ಬಿಳುಪು ಫಿಲ್ಮಿನಲ್ಲಿ ಹೆಸರು ಮಾಡಿದ ಕಾಲಕ್ಕೆ ಕೈನಡುಕ ತಡೆಯುವ ಸ್ಥಿರೀಕರಣದ ಲೆನ್ಸೇ ಇರಲಿಲ್ಲ. ಕ್ಯಾಮೆರಾಗಳಿಗೆ ಬದಲಿಸಿ ಹಾಕುವ ಅಂಥ ಮೊದಲ ಜೂಮ್ ಬಂದದ್ದು 1995ರಲ್ಲಿ. ಪ್ರಾಣಿಯ ನಡೆಯನ್ನು ಅರಿತು ಕಾಯುವುದೇ ಅವರಿಗಿದ್ದ ಸ್ಥಿರೀಕರಣ.

ಹೀಗಿರುವಾಗ ಅಣ್ಣಿಗೇರಿಯ ಸ್ಟುಡಿಯೋದ ಹುಡುಗನೊಬ್ಬ ಸಾಲ ಮಾಡಿ ಲೆನ್ಸು ಕೊಳ್ಳಹೊರಟರೆ ಅವನಿಗೆ ಹೇಳಬೇಕಾದ ಮಾತು ಸರಳವಾದದ್ದು. ಕ್ಯಾನನ್‌ನ 100-500 ಒಂದರ ಬೆಲೆಯಲ್ಲಿ ಸಿಗ್ಮಾ ಕಂಟೆಂಪರರಿ ಎರಡು ಬರುತ್ತವೆ. ಒಂದನ್ನೇ ಕೊಂಡು, ಉಳಿದ ಹಣವನ್ನು ಸೂರ್ಯೋದಯಕ್ಕೆ ಮೊದಲೇ ಬಯಲು ಸೇರಲು ಬೇಕಾದ ಪೆಟ್ರೋಲಿಗೆ ಇಟ್ಟುಕೊಳ್ಳಬಹುದು, ಗಾಳಿ ಕಾಯುವ ಮುನ್ನ ಕೆಲಸ ಮುಗಿಸಬಹುದು. ಕಂಪನಿ ಲೆನ್ಸೇ ಬೇಕೆಂದು ಹಟ ಹಿಡಿದವರು ಎಫ್/9ರ ಲೆನ್ಸನ್ನು ಹೆಗಲಿಗೇರಿಸಿಕೊಂಡು ಹತ್ತು ಗಂಟೆಯ ಬಿಸಿಲಿಗೆ ಬರಲಿ, ಅವರನ್ನು ಯಾರೂ ತಡೆಯುವುದಿಲ್ಲ.